ಜಾತ್ರೆಯ ದಿನ ಟವರ್ ಕೈಕೊಡದಿರಲು: ಕೊಡಗಿನ ಬೆಟ್ಟಗಳಲ್ಲಿ ರೇಡಿಯೊ ಸಂಪನ್ಮೂಲ ಮತ್ತು ಹ್ಯಾಂಡೋವರ್ ನಿರ್ವಹಣೆ

ತುಲಾ ಸಂಕ್ರಮಣದ ದಿನ ತಲಕಾವೇರಿಯ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಲು ನೋಡಿದವರಿಗೆ ಇದು ಗೊತ್ತು. ಕಡ್ಡಿಗಳೆಲ್ಲ ಪೂರ್ತಿ ಇರುತ್ತವೆ, ಕರೆ ಮಾತ್ರ ಹೋಗುವುದಿಲ್ಲ. ಒಂದು ವರ್ಷ ಅಲ್ಲಿ ಅಜ್ಜಿಯೊಬ್ಬರು ಗುಂಪಿನಲ್ಲಿ ಮೊಮ್ಮಗ ಕೈತಪ್ಪಿ ಹೋದನೆಂದು ನನ್ನ ಕೈಗೆ ಫೋನ್ ಕೊಟ್ಟು, "ಟವರ್ ಇದೆಯಲ್ಲ ಮಗ, ಯಾಕೆ ಹೋಗ್ತಾ ಇಲ್ಲ ನೋಡು" ಅಂದರು. ನಾನು ಅಲ್ಲಿಗೆ ಬಂದಿದ್ದೇ ಆ ಟವರಿನ ಕೆಲಸಕ್ಕೆ. ಹುಡುಗ ಹತ್ತು ನಿಮಿಷದಲ್ಲಿ ಸಿಕ್ಕಿದ. ಸಿಕ್ಕಿದ್ದು ಮೈಕಿನಲ್ಲಿ ಹೆಸರು ಕೂಗಿಸಿದ್ದರಿಂದ, ನಮ್ಮ ನೆಟ್‌ವರ್ಕಿನಿಂದಲ್ಲ. ಅವತ್ತಿನಿಂದ ಈ ಕೆಲಸವನ್ನು ನಾನು ಬೇರೆ ರೀತಿ ಮಾಡುತ್ತಿದ್ದೇನೆ. ಮಲೆನಾಡಿನ ಜಿಲ್ಲೆಗಳಲ್ಲಿ ಹೊಸದಾಗಿ ಆರ್‌ಎಫ್ ಆಪ್ಟಿಮೈಸೇಶನ್ (ಟವರಿನ ರೇಡಿಯೊ ಸಿಗ್ನಲನ್ನು ಹದಗೊಳಿಸುವ) ಕೆಲಸಕ್ಕೆ ಸೇರಿದವರಿಗಾಗಿ ಅದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಉದಾಹರಣೆಗಳು ಹೆಚ್ಚಾಗಿ 4ಜಿಯವು. ದಟ್ಟಣೆಯ ದಿನ ಬೆಟ್ಟದಲ್ಲಿ ಭಾರ ಹೊರುವುದು ಈಗಲೂ ಅದೇ.

ಮೊದಲು ತಲೆಯಲ್ಲಿ ಕೂರಬೇಕಾದ ಲೆಕ್ಕ

ಫೋನಿನ ಕಡ್ಡಿ ಹೇಳುವುದು ಟವರಿನ ದನಿ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು ಮಾತ್ರ. ನಿಮ್ಮ ಸರದಿ ಯಾವಾಗ ಎಂಬುದನ್ನು ಅದು ಹೇಳುವುದಿಲ್ಲ. 10 ಮೆಗಾಹರ್ಟ್ಸ್ ಅಗಲದ 4ಜಿ ಸೆಲ್‌ನಲ್ಲಿ (ಟವರಿನ ಒಂದು ಆಂಟೆನಾ ಒಂದು ಬ್ಯಾಂಡಿನಲ್ಲಿ ಆವರಿಸುವ ಪ್ರದೇಶ) ಪ್ರತಿ ಮಿಲಿಸೆಕೆಂಡಿಗೆ ಹಂಚಲು ಇರುವುದು 50 ರಿಸೋರ್ಸ್ ಬ್ಲಾಕ್, ಒಂದೊಂದೂ 180 ಕಿಲೋಹರ್ಟ್ಸ್. 20 ಮೆಗಾಹರ್ಟ್ಸ್ ಇದ್ದರೆ 100. ತೋಡಿನ ನೀರನ್ನು ಗದ್ದೆ ಗದ್ದೆಗೆ ಸರದಿಯಲ್ಲಿ ಬಿಡುವ ಹಾಗೆ, ಷೆಡ್ಯೂಲರ್ ಇದನ್ನು ಎಲ್ಲರಿಗೂ ಹಂಚುತ್ತಾ ಹೋಗುತ್ತದೆ.

ಆದರೆ ಎಲ್ಲ ಗದ್ದೆಯೂ ಒಂದೇ ಪ್ರಮಾಣದ ನೀರು ಕುಡಿಯುವುದಿಲ್ಲ. 1 ಎಂಬಿ ಫೋಟೊ ಎಂದರೆ ಸುಮಾರು 80 ಲಕ್ಷ ಬಿಟ್. ಸ್ವಚ್ಛ ಸಿಗ್ನಲ್ ಇದ್ದು ಸಿಕ್ಯೂಐ (ಸಿಗ್ನಲಿನ ಗುಣಮಟ್ಟಕ್ಕೆ ಫೋನ್ ಕೊಡುವ ಅಂಕ) 12 ಕೊಡುವ ಫೋನಿಗೆ ಒಂದು ಬ್ಲಾಕಿನಲ್ಲಿ ಸುಮಾರು 470 ಬಿಟ್ ತುಂಬಿಸಬಹುದು. ಅಂದರೆ ಆ ಫೋಟೊ ಇಳಿಸಲು ಇಡೀ ಸೆಲ್‌ನ ಮೂರನೇ ಒಂದು ಸೆಕೆಂಡ್ ಸಾಕು. ಎರಡು ಸೆಲ್‌ಗಳ ಗದ್ದಲದ ನಡುವೆ ನಿಂತು ಸಿಕ್ಯೂಐ 4 ಕೊಡುವ ಫೋನಿಗೆ ಬ್ಲಾಕಿಗೆ 70 ಬಿಟ್ ಸಿಕ್ಕರೆ ಹೆಚ್ಚು. ಅದೇ ಫೋಟೊಗೆ ಎರಡು ಸೆಕೆಂಡಿಗೂ ಮಿಕ್ಕಿ ಇಡೀ ಸೆಲ್ ಬೇಕು. ಒಬ್ಬರ ಕೆಟ್ಟ ಸಿಗ್ನಲ್ ಆರು ಜನರ ಪಾಲನ್ನು ತಿನ್ನುತ್ತದೆ. ಹಾಗಾಗಿ ದಟ್ಟಣೆಯ ದಿನ ನಿಮ್ಮ ಕೆಲಸ ಸಿಗ್ನಲ್ ಜೋರು ಮಾಡುವುದಲ್ಲ, ಸ್ವಚ್ಛ ಮಾಡುವುದು. ಜೊತೆಗೆ, ಯಾರು ಯಾವ ಸೆಲ್‌ನಲ್ಲಿ ಇರಬೇಕೋ ಅಲ್ಲಿ ಇರುವಂತೆ ನೋಡಿಕೊಳ್ಳುವುದು.

ಪವರ್ ಏರಿಸಿದರೆ ಸರಿಹೋಗುತ್ತದೆ ಎನ್ನುವವರು ಪ್ರತಿ ಮೀಟಿಂಗಿನಲ್ಲೂ ಸಿಗುತ್ತಾರೆ. ಒಪ್ಪಬೇಡಿ. ಟವರ್ 40 ವ್ಯಾಟ್‌ನಲ್ಲಿ ಕೂಗಬಲ್ಲದು, ಫೋನಿನ ಗರಿಷ್ಠ ಶಕ್ತಿ 23 ಡಿಬಿಎಂ, ಅಂದರೆ 200 ಮಿಲಿವ್ಯಾಟ್. ನೀವು ಪವರ್ ಏರಿಸಿದಷ್ಟೂ ದೂರದ ಫೋನುಗಳು ಆ ಸೆಲ್‌ಗೆ ಬಂದು ಅಂಟಿಕೊಳ್ಳುತ್ತವೆ, ಅವು ತಿರುಗಿ ಆಡಿದ ಮಾತು ಟವರಿಗೆ ಕೇಳುವುದೇ ಇಲ್ಲ.

ಒಂದು ತಿಂಗಳ ಮೊದಲು

ಬೇರೆ ಊರಿನ ಎಂಜಿನಿಯರುಗಳಿಗೆ ಇಲ್ಲದ ಒಂದು ಅನುಕೂಲ ನಮಗಿದೆ. ಕಾವೇರಿ ತೀರ್ಥೋದ್ಭವ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಂದು ಪಂಚಾಂಗ ನೋಡಿ ಮೊದಲೇ ಹೇಳುತ್ತಾರೆ. ಅಕ್ಟೋಬರ್ 17ರ ಆಸುಪಾಸು ಬರುವ ಆ ಮುಹೂರ್ತ ಒಂದು ವರ್ಷ ಮಧ್ಯಾಹ್ನ ಇದ್ದರೆ ಇನ್ನೊಂದು ವರ್ಷ ನಡುರಾತ್ರಿ ಬರಬಹುದು. ಮುಹೂರ್ತವನ್ನು ಬರೆದಿಟ್ಟುಕೊಳ್ಳಿ, ನಿಮ್ಮ ಪೀಕ್ ಅವರ್ ಅದೇ. ಅದಕ್ಕೆ ಮುಂಚಿನ ಕಾಲು ಗಂಟೆ ಎಲ್ಲರೂ ಕೈ ಎತ್ತಿ ಕುಂಡಿಕೆಯ ಕಡೆ ವಿಡಿಯೊ ಹಿಡಿಯುತ್ತಾರೆ, ಮುಗಿದ ತಕ್ಷಣ ಎಲ್ಲರೂ ಒಟ್ಟಿಗೆ ಕಳಿಸುತ್ತಾರೆ. ಸಾಮಾನ್ಯ ದಿನ ಡೌನ್‌ಲಿಂಕ್ (ಟವರಿನಿಂದ ಫೋನಿಗೆ) ತುಂಬುತ್ತದೆ, ಇಲ್ಲಿ ಮೊದಲು ತುಂಬುವುದು ಅಪ್‌ಲಿಂಕ್ (ಫೋನಿನಿಂದ ಟವರಿಗೆ). ಆಮೇಲೆ ಜನ ಎಂಟು ಕಿಲೋಮೀಟರ್ ಕೆಳಗೆ ಭಾಗಮಂಡಲಕ್ಕೆ ಇಳಿಯುತ್ತಾರೆ. ಭಾರವೂ ಅವರ ಜೊತೆಗೇ ಇಳಿಯುತ್ತದೆ.

ಮಡಿಕೇರಿ ದಸರಾದ ರೀತಿ ಬೇರೆ. ವಿಜಯದಶಮಿ ರಾತ್ರಿ ಹತ್ತು ಮಂಟಪಗಳು ಇಕ್ಕಟ್ಟಾದ ಏರುತಗ್ಗಿನ ಬೀದಿಗಳಲ್ಲಿ ಬೆಳಗಿನ ಜಾವದವರೆಗೆ ಹೊರಡುತ್ತವೆ. ಅಲ್ಲಿ ಮುಹೂರ್ತದ ಒಂದು ಶಿಖರ ಇಲ್ಲ. ಮಂಟಪದ ಹಿಂದೆ ಭಾರವೇ ನಡೆದು ಹೋಗುತ್ತದೆ, ಒಂದು ಸೆಕ್ಟರ್ (ಟವರಿನ ಒಂದು ದಿಕ್ಕಿನ ಭಾಗ) ತುಂಬಿ ಖಾಲಿಯಾಗುವ ಹೊತ್ತಿಗೆ ಮುಂದಿನದು ತುಂಬಿರುತ್ತದೆ.

ಹೋದ ವರ್ಷದ ಅದೇ ದಿನದ ಅಂಕಿಗಳನ್ನು ಸೆಲ್‌ವಾರು, ಹದಿನೈದು ನಿಮಿಷದ ಅಂತರದಲ್ಲಿ ತೆಗೆಯಿರಿ. ಗಂಟೆಯ ಸರಾಸರಿ ಮೋಸ ಮಾಡುತ್ತದೆ, ಹತ್ತು ನಿಮಿಷದ ಉಸಿರುಗಟ್ಟು ಅದರಲ್ಲಿ ಕಾಣುವುದಿಲ್ಲ. ಪಿಆರ್‌ಬಿ (ರಿಸೋರ್ಸ್ ಬ್ಲಾಕ್) ಬಳಕೆ ಎರಡೂ ದಿಕ್ಕಿನಲ್ಲಿ, ಕನೆಕ್ಟ್ ಆಗಿದ್ದ ಬಳಕೆದಾರರ ಗರಿಷ್ಠ ಸಂಖ್ಯೆ, ಸರಾಸರಿ ಸಿಕ್ಯೂಐ, ಅಪ್‌ಲಿಂಕ್ ಗದ್ದಲ, ರ‍್ಯಾಂಡಮ್ ಆಕ್ಸೆಸ್ ಯತ್ನಗಳು (ಫೋನ್ ಸೆಲ್‌ನ ಬಾಗಿಲು ತಟ್ಟುವುದು), ಕರೆ ಕಡಿತ: ಇಷ್ಟು ಸಾಕು. ಪಿಆರ್‌ಬಿ ಬಳಕೆ 70–80 ಶೇಕಡಾ ದಾಟಿದ ಸೆಲ್‌ಗಳಿಗೆ ಗುರುತು ಹಾಕಿ. ಕನೆಕ್ಟೆಡ್ ಯೂಸರ್ ಲೈಸೆನ್ಸ್ (ಒಮ್ಮೆಗೆ ಎಷ್ಟು ಜನ ಸೇರಬಹುದೆಂಬ ಮಿತಿ) ಎಷ್ಟಿದೆ ಎಂದೂ ಈಗಲೇ ನೋಡಿ. ಬ್ಲಾಕುಗಳು ಖಾಲಿ ಇದ್ದು ಲೈಸೆನ್ಸ್ ಮುಗಿದು ಜನ ಹೊರಗೆ ನಿಂತದ್ದನ್ನು ನಾನು ಕಂಡಿದ್ದೇನೆ. ಅದು ಒಂದು ಈಮೇಲಿನಲ್ಲಿ ತಪ್ಪಿಸಬಹುದಾದ ಸಂಕಟ.

ಬೆಟ್ಟದಲ್ಲಿ ಟಿಲ್ಟ್

ಬಯಲುಸೀಮೆಯ ಟಿಲ್ಟ್ (ಆಂಟೆನಾ ಬಗ್ಗಿಸುವ ಕೋನ) ಕೋಷ್ಟಕ ಇಲ್ಲಿ ಕೆಲಸಕ್ಕೆ ಬಾರದು. 40 ಮೀಟರ್ ಎತ್ತರದ ಟವರಿನಲ್ಲಿ ಆಂಟೆನಾವನ್ನು 6 ಡಿಗ್ರಿ ಬಗ್ಗಿಸಿದರೆ ಸಮತಟ್ಟು ನೆಲದಲ್ಲಿ ಮುಖ್ಯ ಕಿರಣ 380 ಮೀಟರ್ ದೂರಕ್ಕೆ ಬೀಳುತ್ತದೆ. ಅದೇ ಟವರ್ ಜನ ಸೇರುವ ಜಾಗಕ್ಕಿಂತ 150 ಮೀಟರ್ ಮೇಲಿನ ಗುಡ್ಡದಲ್ಲಿದ್ದರೆ ಲೆಕ್ಕಕ್ಕೆ ಬರುವ ಎತ್ತರ 190 ಮೀಟರ್, ಕಿರಣ ಬೀಳುವುದು 1.8 ಕಿಲೋಮೀಟರ್ ಆಚೆ. ಕೊಡಗಿನ ಎಷ್ಟೋ ಸೈಟುಗಳು ಹೀಗೆಯೇ ಕಾಲಬುಡದ ಪೇಟೆಯನ್ನು ಬಿಟ್ಟು ಕಣಿವೆಯಾಚೆಯ ತೋಟಕ್ಕೆ ಸಿಗ್ನಲ್ ಹಾಕುತ್ತಿರುತ್ತವೆ.

ಇದನ್ನು ಕಂಡುಹಿಡಿಯಲು ಟೈಮಿಂಗ್ ಅಡ್ವಾನ್ಸ್ (ಫೋನ್ ಟವರಿನಿಂದ ಎಷ್ಟು ದೂರ ಎಂದು ತಿಳಿಸುವ ಅಳತೆ) ಹಂಚಿಕೆ ನೋಡಿ. 4ಜಿಯಲ್ಲಿ ಒಂದು ಹೆಜ್ಜೆ ಸುಮಾರು 78 ಮೀಟರ್. 90ನೇ ಹೆಜ್ಜೆಯಲ್ಲಿ ಫೋನುಗಳು ಕಂಡರೆ ಅವು ಏಳು ಕಿಲೋಮೀಟರ್ ದೂರದಲ್ಲಿವೆ, ಎದುರು ಗುಡ್ಡದಲ್ಲಿ. ಅಲ್ಲಿಗೆ ಬೇರೆ ಸೆಲ್ ಇದ್ದರೆ ಟಿಲ್ಟ್ ಹೆಚ್ಚಿಸಿ ಇವನ್ನು ಬಿಡಿಸಿ. ಬೇರೆ ಸೆಲ್ ಇಲ್ಲದಿದ್ದರೆ ಮುಟ್ಟಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಆ ಏಳು ಕಿಲೋಮೀಟರಿನ ಚುಕ್ಕೆ ಯಾವುದೋ ಎಸ್ಟೇಟಿನ ಲೈನ್‌ಮನೆ ಆಗಿರಬಹುದು, ಅವರಿಗೆ ಆಸ್ಪತ್ರೆಗೆ ಫೋನ್ ಮಾಡಲು ಇರುವ ಒಂದೇ ಸಿಗ್ನಲ್ ಅದಾಗಿರಬಹುದು. ಜಾತ್ರೆಗೆ ಬಂದವರ ವಿಡಿಯೊಗಾಗಿ ಅವರನ್ನು ಕತ್ತಲೆಯಲ್ಲಿ ಬಿಡುವ ಹಕ್ಕು ನಮಗಿಲ್ಲ. ಟಿಲ್ಟ್ ಬದಲಿಸುವ ಮೊದಲು ಒಮ್ಮೆ ಜೀಪು ತೆಗೆದುಕೊಂಡು ಅಲ್ಲಿಗೇ ಹೋಗಿ ಬನ್ನಿ. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಮಳೆಯಲ್ಲಿ ನೆನೆದ ಎಲೆ: ಇವು ಸಿಗ್ನಲನ್ನು ಎಷ್ಟು ನುಂಗುತ್ತವೆ ಎಂದು ಕಂಪ್ಯೂಟರಿನ ನಕ್ಷೆ ಸರಿಯಾಗಿ ಹೇಳುವುದಿಲ್ಲ.

ತಾತ್ಕಾಲಿಕ ಟವರ್ ವಾಹನ ಬಂದಾಗ

ಚಕ್ರದ ಮೇಲಿನ ಟವರ್ ಬಂತೆಂದರೆ ಅರ್ಧ ಚಿಂತೆ ಕಳೆಯಿತು ಎಂದುಕೊಳ್ಳುತ್ತಾರೆ. ಒಂದು ವರ್ಷ ಅದೇ ನಮಗೆ ಮುಳುವಾಯಿತು. ಬೆಳಿಗ್ಗೆಯಿಂದ ಎಲ್ಲ ಸರಿ ಇದ್ದಂತೆ ಕಂಡರೂ ಸೆಲ್‌ಗಳು ಏದುಸಿರು ಬಿಡುತ್ತಿದ್ದವು. ಡೇಟಾ ಅಷ್ಟಿರಲಿಲ್ಲ, ಆದರೂ ಕನೆಕ್ಷನ್ ಕೋರಿಕೆಗಳು ಏರುತ್ತಲೇ ಇದ್ದವು. ಕೋರಿಕೆಯ ಕಾರಣವನ್ನು ಬಿಡಿಸಿ ನೋಡಿದಾಗ ಹೆಚ್ಚಿನವು ಡೇಟಾಗೂ ಅಲ್ಲ, ಕರೆಗೂ ಅಲ್ಲ, ಬರೀ ಸಿಗ್ನಲಿಂಗ್ (ಫೋನ್ ಮತ್ತು ನೆಟ್‌ವರ್ಕ್ ನಡುವಿನ ನಿಯಂತ್ರಣದ ಸಂದೇಶಗಳು). ವಾಹನ ಅದಕ್ಕೆ ಮುಂಚೆ ಬೇರೆ ಜಿಲ್ಲೆಯ ಜಾತ್ರೆಯಲ್ಲಿತ್ತು, ಅಲ್ಲಿನ ಟ್ರ್ಯಾಕಿಂಗ್ ಏರಿಯಾ ಕೋಡ್ (ಸೆಲ್ ಯಾವ ಪ್ರದೇಶದ್ದು ಎಂದು ಫೋನಿಗೆ ತಿಳಿಸುವ ಸಂಖ್ಯೆ) ಹಾಗೇ ಉಳಿದಿತ್ತು. ನಮ್ಮ ತಂಡದಲ್ಲಿ ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಜನ ಹತ್ತು ಹೆಜ್ಜೆ ಆಚೀಚೆ ನಡೆದಾಗಲೆಲ್ಲ, ಜೇಬಿನಲ್ಲಿದ್ದ ಫೋನ್ ಕೂಡ, "ನಾನು ಬೇರೆ ಊರಿಗೆ ಬಂದೆ" ಎಂದು ನೆಟ್‌ವರ್ಕಿಗೆ ವರದಿ ಒಪ್ಪಿಸುತ್ತಿತ್ತು. ಸಾವಿರಾರು ಫೋನುಗಳು ಗಂಟೆಗಟ್ಟಲೆ ಅದೇ ಮಾಡಿದವು. ಕೋಡ್ ಸರಿ ಮಾಡಿದ ಐದು ನಿಮಿಷಕ್ಕೆ ಗ್ರಾಫ್ ತಣ್ಣಗಾಯಿತು.

ಹಾಗಾಗಿ ವಾಹನ ಬಂದ ಕೂಡಲೇ ಇಷ್ಟನ್ನು ಕೈಯಾರೆ ನೋಡಿ:

- ಟ್ರ್ಯಾಕಿಂಗ್ ಏರಿಯಾ ಕೋಡ್ ಸುತ್ತಲಿನ ಸೈಟುಗಳದ್ದೇ ಆಗಿರಲಿ. ತಲಕಾವೇರಿ, ಭಾಗಮಂಡಲ ಎರಡೂ ಒಂದೇ ಏರಿಯಾದಲ್ಲಿರಲಿ.
- ಅದರ ಪಿಸಿಐ (ಸೆಲ್‌ನ ಗುರುತು ಸಂಖ್ಯೆ) ಹತ್ತಿರದ ಬೇರೆ ಯಾವ ಸೆಲ್‌ಗೂ ಇರಬಾರದು. 4ಜಿಯಲ್ಲಿ ಒಟ್ಟು 504 ಸಂಖ್ಯೆ, 5ಜಿಯಲ್ಲಿ 1008, ಕೊರತೆಯೇನಿಲ್ಲ. ಎದುರುಬದುರು ನೋಡುವ ಸೆಕ್ಟರುಗಳ ಪಿಸಿಐಯನ್ನು ಮೂರರಿಂದ ಭಾಗಿಸಿದಾಗ ಶೇಷ ಒಂದೇ ಬರದಂತೆ ಆರಿಸಿ.
- ನೆರೆ ಸೆಲ್ ಪಟ್ಟಿ ಎರಡೂ ಕಡೆಯಿಂದ ಇರಲಿ. ತಾನಾಗಿ ಕಲಿಯುತ್ತದೆ ಎಂದು ಬಿಟ್ಟರೆ ಅದು ಕಲಿಯುವುದು ಜನರ ಕರೆಗಳನ್ನು ಬಲಿ ಕೊಟ್ಟು.
- ರ‍್ಯಾಂಡಮ್ ಆಕ್ಸೆಸ್ ಅವಕಾಶ 10 ಮಿಲಿಸೆಕೆಂಡಿಗೆ ಒಂದು ಇದ್ದರೆ 5ಕ್ಕೆ ಒಂದು ಮಾಡಿ. ಸೆಲ್‌ಗೆ ಇರುವುದು 64 ಪ್ರಿಯಾಂಬಲ್ (ಬಾಗಿಲು ತಟ್ಟುವ ಸಂಕೇತ), ಒಂದೇ ಕ್ಷಣ ಇಬ್ಬರು ಒಂದನ್ನೇ ಆರಿಸಿದರೆ ಡಿಕ್ಕಿ. ಪ್ರತಿ ಅವಕಾಶಕ್ಕೂ ಅಪ್‌ಲಿಂಕಿನ 6 ಬ್ಲಾಕ್ ಖರ್ಚಾಗುತ್ತದೆ, ಹಾಗಾಗಿ ಬೇಕಾಬಿಟ್ಟಿ ಹೆಚ್ಚಿಸಬೇಡಿ.

ಪದರಗಳ (ಬ್ಯಾಂಡುಗಳ) ಹಂಚಿಕೆ

850, 900 ಮೆಗಾಹರ್ಟ್ಸ್ ದೂರ ಹೋಗುತ್ತವೆ, ಎಲೆ-ಗೋಡೆ ದಾಟುತ್ತವೆ, ಆದರೆ ಅಗಲ ಕಡಿಮೆ. 1800, 2100, 2300ರಲ್ಲಿ ಜಾಗ ಹೆಚ್ಚು, ದೂರ ಕಡಿಮೆ. ಬರೀ ದೂರದ ಲೆಕ್ಕದಲ್ಲೇ 900ಕ್ಕೂ 2300ಕ್ಕೂ 8 ಡೆಸಿಬಲ್ ವ್ಯತ್ಯಾಸ ಇದೆ. ನಿಯಮ ಸರಳ: ಟವರಿನ ಕಣ್ಣೆದುರು ಇರುವವರು ಮೇಲಿನ ಬ್ಯಾಂಡಿನಲ್ಲಿ ಇರಲಿ, ಕೆಳಗಿನ ಬ್ಯಾಂಡ್ ದೂರದ ಮನೆಗಳಿಗೆ ಉಳಿಯಲಿ.

ಸುಮ್ಮನಿರುವ ಫೋನುಗಳಿಗೆ ಸೆಲ್ ಆಯ್ಕೆಯ ಆದ್ಯತೆ 0ಯಿಂದ 7ರವರೆಗೆ ಕೊಡಬಹುದು. ಮೇಲಿನ ಬ್ಯಾಂಡಿಗೆ ಹೆಚ್ಚಿನ ಅಂಕ ಕೊಡಿ. ಆದರೆ ಜಾತ್ರೆಯ ಹೃದಯಭಾಗದಲ್ಲಿ ಮೇಲಿನ ಎರಡು ಬ್ಯಾಂಡುಗಳಿಗೆ ಬೇರೆಬೇರೆ ಅಂಕ ಕೊಟ್ಟರೆ ಎಲ್ಲರೂ ಒಂದರಲ್ಲೇ ತುಂಬಿಕೊಳ್ಳುತ್ತಾರೆ. ಕನೆಕ್ಷನ್ ಬಿಡುಗಡೆ ಮಾಡುವಾಗ ಅರ್ಧ ಫೋನುಗಳಿಗೆ ಒಂದು ಆದ್ಯತೆ, ಉಳಿದರ್ಧಕ್ಕೆ ಇನ್ನೊಂದು ಎಂದು ಬಿಡಿಬಿಡಿಯಾಗಿ ಹೇಳಿ ಕಳಿಸುವ ಸೌಲಭ್ಯವಿದೆ, ಅದನ್ನು ಬಳಸಿ.

ಮಾತಾಡುತ್ತಿರುವ, ಡೇಟಾ ಬಳಸುತ್ತಿರುವ ಫೋನುಗಳನ್ನು ಭಾರ ನೋಡಿ ಇನ್ನೊಂದು ಪದರಕ್ಕೆ ಕಳಿಸುವಾಗ ಎ4 ಅಳತೆ ಬಳಸುತ್ತೇವೆ: ಗುರಿ ಸೆಲ್ ಇಂತಿಷ್ಟಕ್ಕಿಂತ ಚೆನ್ನಾಗಿದ್ದರೆ ಹೋಗು. ಇಲ್ಲಿ ಹೊಸಬರು ಮಾಡುವ ತಪ್ಪು ಒಂದೇ. 2300ರಿಂದ ಹೊರಹಾಕುವ ಎ2 (ಈಗಿನ ಸೆಲ್ ಇಂತಿಷ್ಟಕ್ಕಿಂತ ಕೆಳಗಿಳಿದರೆ ಎಂಬ ಅಳತೆ) ಮಿತಿ ಮೈನಸ್ 110 ಡಿಬಿಎಂ ಇಟ್ಟು, ಒಳಗೆ ಬರುವ ಎ4 ಮಿತಿಯನ್ನು ಮೈನಸ್ 109 ಇಡುತ್ತಾರೆ. ಫೋನ್ ಒಳಗೆ ಹೋದ ಕ್ಷಣವೇ ಹೊರಗೆ ಬೀಳುತ್ತದೆ, ಮತ್ತೆ ಒಳಗೆ. ಜೋಕಾಲಿ ಆಡುವ ಪ್ರತಿ ಫೋನೂ ಅಳತೆಗೆ, ಸಿಗ್ನಲಿಂಗಿಗೆ ಬ್ಲಾಕ್ ತಿನ್ನುತ್ತದೆ. ಒಳಬರುವ ಮಿತಿ ಮೈನಸ್ 102ರ ಆಸುಪಾಸು ಇರಲಿ, ನಡುವೆ 6ರಿಂದ 8 ಡೆಸಿಬಲ್ ಅಂತರ ಬೇಕೇ ಬೇಕು.

5ಜಿ ಇದ್ದ ಕಡೆ ಜಾಗಕ್ಕೆ ಬರವಿಲ್ಲ, 100 ಮೆಗಾಹರ್ಟ್ಸಿನಲ್ಲಿ 360 ಕಿಲೋಹರ್ಟ್ಸಿನ 273 ಬ್ಲಾಕ್. ಆದರೆ 4ಜಿ ಆಸರೆಯ ಮೇಲೆ ನಿಂತ 5ಜಿ ಆದರೆ, ಆ 4ಜಿ ಸೆಲ್ ಉಸಿರುಗಟ್ಟಿದಾಗ ಇದೂ ಕೈಕೊಡುತ್ತದೆ. ಆಸರೆ ಸೆಲ್ ಮೊದಲು ಸರಿಮಾಡಿ.

ಹ್ಯಾಂಡೋವರ್: ಘಾಟಿಗೆ ಒಂದು, ಜಾತ್ರೆಗೆ ಒಂದು

ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದು: ಬಳಕೆಯಲ್ಲಿರುವ ಫೋನನ್ನು ಒಂದು ಸೆಲ್ ಇನ್ನೊಂದಕ್ಕೆ ಒಪ್ಪಿಸುವುದು. ಒಂದೇ ಬ್ಯಾಂಡಿನ ನೆರೆಯ ಸೆಲ್‌ಗೆ ಹೋಗುವ ನಿರ್ಧಾರ ಎ3 ಅಳತೆಯದ್ದು: ನೆರೆಯ ಸೆಲ್ ಈಗಿನ ಸೆಲ್‌ಗಿಂತ ಇಷ್ಟು ಡೆಸಿಬಲ್ ಮೇಲಿದ್ದು, ಇಷ್ಟು ಹೊತ್ತು ಹಾಗೇ ಉಳಿದರೆ ಹೋಗು. ಮೊದಲನೆಯದು ಆಫ್‌ಸೆಟ್ ಮತ್ತು ಹಿಸ್ಟರಿಸಿಸ್ ಸೇರಿ, ಎರಡನೆಯದು ಟೈಮ್ ಟು ಟ್ರಿಗರ್. ಒಟ್ಟು 3 ಡೆಸಿಬಲ್, 320 ಮಿಲಿಸೆಕೆಂಡ್ ಎಲ್ಲ ಕಡೆ ಹಾಕಿ ಮರೆತುಬಿಡುವ ರೂಢಿ ಇದೆ.

ಸಂಪಾಜೆ ಘಾಟಿಯ ತಿರುವಿನಲ್ಲಿ ಕಾರು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ತಿರುವು ಕಳೆದು ಗುಡ್ಡ ಅಡ್ಡ ಬಂದ ಕೂಡಲೇ ಹಳೆಯ ಸೆಲ್ ಒಮ್ಮೆಲೇ ಕುಸಿಯುತ್ತದೆ. ಅಲ್ಲಿ 640 ಮಿಲಿಸೆಕೆಂಡ್ ಕಾಯಿಸಿದರೆ ಹೋಗು ಎಂದು ಹೇಳುವ ಸಂದೇಶವೇ ಫೋನಿಗೆ ತಲುಪುವುದಿಲ್ಲ, ಕರೆ ಕಡಿಯುತ್ತದೆ. ಅಂಥ ಸೆಲ್ ಜೋಡಿಗೆ 2 ಡೆಸಿಬಲ್, 100ರಿಂದ 160 ಮಿಲಿಸೆಕೆಂಡ್ ಸೂಕ್ತ. 5ಜಿಯ ರಿಲೀಸ್ 16ರಲ್ಲಿ ಬಂದ ಕಂಡಿಷನಲ್ ಹ್ಯಾಂಡೋವರ್ ಇಂಥ ತಿರುವುಗಳಿಗೆ ಹೇಳಿ ಮಾಡಿಸಿದಂತಿದೆ. ಸಿಗ್ನಲ್ ಚೆನ್ನಾಗಿರುವಾಗಲೇ ಫೋನಿಗೆ ಸಿದ್ಧತೆ ಕೊಟ್ಟಿರುತ್ತದೆ, ಷರತ್ತು ಕೂಡಿಬಂದಾಗ ಅದು ತಾನೇ ದಾಟುತ್ತದೆ.

ಜಾತ್ರೆಯಲ್ಲಿ ತದ್ವಿರುದ್ಧ. ಜನ ನಿಧಾನಕ್ಕೆ ಸಾಗುತ್ತಾರೆ, ಸುತ್ತಲಿನ ಮೈಗಳು ಸಿಗ್ನಲನ್ನು ಕ್ಷಣಕ್ಷಣ ಮರೆಮಾಡುತ್ತವೆ. ನಿಂತಲ್ಲೇ ನಿಂತ ಫೋನಿಗೂ ಎರಡು ಸೆಲ್‌ಗಳು ಮೇಲೆ ಕೆಳಗೆ ಆಗುತ್ತಿರುತ್ತವೆ. ಇಲ್ಲಿ 4 ಡೆಸಿಬಲ್, 480 ಅಥವಾ 640 ಮಿಲಿಸೆಕೆಂಡ್ ಇಟ್ಟರೆ ಅನವಶ್ಯಕ ಓಡಾಟ ನಿಲ್ಲುತ್ತದೆ.

ತುಂಬಿದ ಸೆಕ್ಟರಿನಿಂದ ಖಾಲಿ ಸೆಕ್ಟರಿಗೆ ಗಡಿ ಸರಿಸಲು ಸೆಲ್ ಇಂಡಿವಿಜುವಲ್ ಆಫ್‌ಸೆಟ್ ಇದೆ. ಇದನ್ನು ಒಂದೇ ಕಡೆ ಹಾಕಿದರೆ ಏನಾಗುತ್ತದೆ ನೋಡಿ. ಒಟ್ಟು ಅಂತರ 3 ಡೆಸಿಬಲ್ ಇರುವಲ್ಲಿ ಮೊದಲ ಸೆಲ್‌ನಿಂದ ಎರಡನೆಯದಕ್ಕೆ +6 ಕೊಟ್ಟಿರಿ ಎಂದಿಟ್ಟುಕೊಳ್ಳಿ. ಈಗ ಎರಡನೆಯದು 3 ಡೆಸಿಬಲ್ ಕೆಳಗಿದ್ದರೂ ಫೋನ್ ಹೋಗುತ್ತದೆ. ಹೋದ ಮೇಲೆ ಮೊದಲನೆಯದು 3 ಡೆಸಿಬಲ್ ಮೇಲೆ ಕಾಣುತ್ತದೆ, ಅಂದರೆ ಹಿಂದಿರುಗುವ ಷರತ್ತೂ ಅಲ್ಲೇ ಪೂರ್ತಿ. ಫೋನ್ ಹೋಗಿ ಬಂದು ಹೋಗಿ ಬಂದು ಮಾಡುತ್ತದೆ. ಒಂದು ಕಡೆ +3 ಕೊಟ್ಟರೆ ಎದುರು ಕಡೆ ಮೈನಸ್ 3 ಕೊಡಿ. 3 ದಾಟಬೇಡಿ, ಒಂದೇ ಬ್ಯಾಂಡಿನಲ್ಲಿ ದುರ್ಬಲ ಸೆಲ್‌ಗೆ ದೂಡಿದಷ್ಟೂ ಬಲವಾದ ಸೆಲ್ ಆ ಫೋನಿಗೆ ಗದ್ದಲವಾಗುತ್ತದೆ.

ತಪ್ಪು ಯಾವ ಬಗೆಯದು ಎಂದು ಗುರುತಿಸುವುದೂ ಸುಲಭ. ಲಿಂಕ್ ಕಡಿದು ಫೋನ್ ನೆರೆಯ ಸೆಲ್‌ನಲ್ಲಿ ಎದ್ದರೆ ಹ್ಯಾಂಡೋವರ್ ತಡವಾಗಿತ್ತು. ಹ್ಯಾಂಡೋವರ್ ಆದ ಬೆನ್ನಲ್ಲೇ ಕಡಿದು ಹಳೆಯ ಸೆಲ್‌ನಲ್ಲಿ ಎದ್ದರೆ ಬೇಗ ಆಗಿತ್ತು. ಮೂರನೆಯ ಸೆಲ್‌ನಲ್ಲಿ ಎದ್ದರೆ ತಪ್ಪು ಮನೆಗೆ ಕಳಿಸಿದ್ದಿರಿ.

ಅಪ್‌ಲಿಂಕ್ ಗದ್ದಲ

ಒಂದು ಬ್ಲಾಕಿನ ಸಹಜ ಗದ್ದಲ ಮೈನಸ್ 121 ಡಿಬಿಎಂ, ಉಪಕರಣದ್ದು ಸೇರಿ ಮೈನಸ್ 118ರ ಆಸುಪಾಸು. ಮುಹೂರ್ತದ ಹೊತ್ತಿಗೆ ಅದು ಮೈನಸ್ 105ಕ್ಕೆ ಏರಿದರೆ ಅಂಚಿನ ಫೋನುಗಳ ದನಿ ಮುಳುಗುತ್ತದೆ. ಕಿಕ್ಕಿರಿದ ಅಂಗಳದಲ್ಲಿ ಒಬ್ಬರ ಮಾತು ಕೇಳದೆ ಎಲ್ಲರೂ ದನಿ ಏರಿಸುವ ಹಾಗೆ. ಪವರ್ ಕಂಟ್ರೋಲ್‌ನ ಆಲ್ಫಾ (ದೂರಕ್ಕೆ ತಕ್ಕಂತೆ ಫೋನ್ ದನಿ ಏರಿಸುವ ಪ್ರಮಾಣ) 1 ಇದ್ದರೆ 0.8ಕ್ಕೆ ಇಳಿಸಿ, ಪಿ ಝೀರೋ (ಟವರಿಗೆ ತಲುಪಬೇಕಾದ ದನಿಯ ಮೂಲ ಮಟ್ಟ) ಮೌಲ್ಯವನ್ನು ಅದಕ್ಕೆ ಹೊಂದಿಸಿ, ನಂತರ ಒಂದೊಂದೇ ಡೆಸಿಬಲ್ ತಿದ್ದುತ್ತಾ ನೋಡಿ.

ಜನ ಸೇರುವ ದಿನವಲ್ಲದಿದ್ದರೂ ಒಂದೇ ಸೆಲ್‌ನಲ್ಲಿ ಹಗಲೂ ರಾತ್ರಿ ಗದ್ದಲ ಏರಿದ್ದರೆ ಹತ್ತಿರದಲ್ಲಿ ಯಾರೋ ಅಗ್ಗದ ಸಿಗ್ನಲ್ ಬೂಸ್ಟರ್ ಹಾಕಿರುವ ಸಾಧ್ಯತೆ ಹೆಚ್ಚು. ಅನುಮತಿಯಿಲ್ಲದೆ ಅದನ್ನು ಹಾಕುವುದು ಕಾನೂನುಬಾಹಿರ. ಹೋಂಸ್ಟೇ ನಡೆಸುವವರಿಗೆ ಕೈಮುಗಿದು ಹೇಳುತ್ತೇನೆ: ನಿಮ್ಮ ನಾಲ್ಕು ಕೋಣೆಗೆ ಸಿಗ್ನಲ್ ಬರಿಸುವ ಆ ಪೆಟ್ಟಿಗೆ ಸುತ್ತಲಿನ ಇಡೀ ಗ್ರಾಮದ ಕರೆಗಳನ್ನು ಮುಳುಗಿಸಬಲ್ಲದು. ವೈಫೈ ಕಾಲಿಂಗ್ ಬಳಸಿ.

ಮಾತು ಮೊದಲು

ವೋಲ್ಟೇ (4ಜಿ ಮೂಲಕದ) ಕರೆ ಕ್ಯೂಸಿಐ (ಸೇವೆಯ ದರ್ಜೆ) 1ರಲ್ಲಿ ಹೋಗುತ್ತದೆ, ಡೇಟಾ 9ರಲ್ಲಿ. ಕರೆಗೆ ಜಾಗ ಕಾದಿರಿಸಿ, ಡೇಟಾ ಎಷ್ಟೇ ತುಂಬಿದರೂ. ಇಷ್ಟೂ ಮಾಡಿಯೂ ಸೆಲ್ ಬಾಗಿಲಲ್ಲೇ ನೂಕುನುಗ್ಗಲಾದರೆ ಕಡೆಯ ಉಪಾಯ ಆಕ್ಸೆಸ್ ಬ್ಯಾರಿಂಗ್. 0.7 ಎಂದಿಟ್ಟರೆ ಹತ್ತರಲ್ಲಿ ಏಳು ಯತ್ನ ಒಳಗೆ, ಉಳಿದ ಮೂರು ಕೆಲವು ಸೆಕೆಂಡ್ ಕಾಯುತ್ತವೆ. 8 ಸೆಕೆಂಡಿನಿಂದ ಶುರು ಮಾಡಿ. ತುರ್ತು ಕರೆಗೆ ತಡೆ ಇಲ್ಲ ಎಂಬುದನ್ನು ಇಬ್ಬರು ಬೇರೆಬೇರೆಯಾಗಿ ನೋಡಿ ಖಚಿತಪಡಿಸಿ. 112 ಯಾವ ಸ್ಥಿತಿಯಲ್ಲೂ ನಿಲ್ಲಬಾರದು. ಸುಮ್ಮನಿರುವ ಕನೆಕ್ಷನ್ ಬಿಡುವ ಟೈಮರ್ 10 ಸೆಕೆಂಡ್ ಇದ್ದರೆ 5 ಮಾಡಬಹುದು. 2ಕ್ಕೆ ಇಳಿಸಿದರೆ ಬಿಟ್ಟ ಫೋನೇ ಮರುಕ್ಷಣ ಬಾಗಿಲು ತಟ್ಟುತ್ತದೆ.

ಕರೆಂಟು, ಮೈಕ್ರೋವೇವ್

ಬ್ಯಾಟರಿ, ಡೀಸೆಲ್ ಹಿಂದಿನ ದಿನವೇ ನೋಡಿ. ಟವರನ್ನು ನೆಟ್‌ವರ್ಕಿಗೆ ಜೋಡಿಸುವ ಮೈಕ್ರೋವೇವ್ ಲಿಂಕ್ ಮಳೆಗೆ ಮಾಡ್ಯುಲೇಷನ್ (ಒಂದು ಸಂಕೇತದಲ್ಲಿ ಎಷ್ಟು ಬಿಟ್ ತುಂಬುವುದು ಎಂಬ ಮಟ್ಟ) ಇಳಿಸಿಕೊಳ್ಳುತ್ತದೆ. 256 ಕ್ಯೂಎಎಂನಿಂದ ಕ್ಯೂಪಿಎಸ್‌ಕೆಗೆ ಇಳಿದರೆ ದಾರಿ ಕಾಲು ಭಾಗ, ಮೇಲೆ ರೇಡಿಯೊ ಎಷ್ಟು ಚೆನ್ನಾಗಿದ್ದರೂ ವ್ಯರ್ಥ. ಅಕ್ಟೋಬರಿನಲ್ಲೂ ಇಲ್ಲಿ ಮಳೆ ಹಿಡಿಯುತ್ತದೆ. ಸಾಧ್ಯವಿದ್ದ ಕಡೆ ಫೈಬರ್ ಕೇಳಿ, ಪಟ್ಟುಬಿಡದೆ ಕೇಳಿ.

ಆ ದಿನ, ಮರುದಿನ

ಜಾಗದಲ್ಲೇ ಒಬ್ಬರು ಇರಬೇಕು, ಕೈಯಲ್ಲಿ ಸಾಮಾನ್ಯ ಫೋನ್ ಹಿಡಿದು. ಆರ್‌ಎಸ್‌ಆರ್‌ಪಿ (ಸಿಗ್ನಲಿನ ಜೋರು) ಮೈನಸ್ 85 ಇದ್ದೂ ಆರ್‌ಎಸ್‌ಆರ್‌ಕ್ಯೂ (ಸಿಗ್ನಲಿನ ಗುಣಮಟ್ಟ) ಮೈನಸ್ 16ಕ್ಕೆ ಕುಸಿದಿದ್ದರೆ ಅದು ಭಾರ ಮತ್ತು ನೆರೆಯ ಗದ್ದಲ, ದೂರ ಅಲ್ಲ. ಒಂದು ಸಲಕ್ಕೆ ಒಂದೇ ಮೌಲ್ಯ ಬದಲಿಸಿ, ಹದಿನೈದು ನಿಮಿಷ ಕಾಯಿರಿ, ಬರೆದಿಡಿ. ದಸರಾ ರಾತ್ರಿ ಮಂಟಪಗಳು ಎಲ್ಲಿಗೆ ಬಂದವು ಎಂದು ಬೀದಿಯಲ್ಲಿರುವ ಗೆಳೆಯರು ಹೇಳುವ ಒಂದು ಮಾತು ಕಂಟ್ರೋಲ್ ರೂಮಿನ ಹತ್ತು ಗ್ರಾಫಿಗಿಂತ ಮೊದಲು ನಿಮ್ಮನ್ನು ಎಚ್ಚರಿಸುತ್ತದೆ.

ಜನ ಕರಗಿದ ಮೇಲೆ ಬದಲಿಸಿದ ಪ್ರತಿ ಮೌಲ್ಯವನ್ನೂ ಹಳೆಯ ಪಟ್ಟಿಗೆ ಹೋಲಿಸಿ ವಾಪಸ್ ಹಾಕಿ, ಬ್ಯಾರಿಂಗ್ ಎಲ್ಲಕ್ಕಿಂತ ಮೊದಲು. ತಾತ್ಕಾಲಿಕ ವಾಹನ ಹೊರಟ ಮೇಲೆ ಅದರ ಹೆಸರನ್ನು ನೆರೆ ಪಟ್ಟಿಗಳಿಂದ ಅಳಿಸಿ. ಜಾತ್ರೆಯ 640 ಮಿಲಿಸೆಕೆಂಡ್ ಹಾಗೇ ಉಳಿದರೆ ಮರುದಿನ ಭಾಗಮಂಡಲದ ರಸ್ತೆಯಲ್ಲಿ ಜೀಪಿನಲ್ಲಿ ಹೋಗುವವರ ಕರೆ ಕಡಿಯುತ್ತದೆ. ಬೆಳಿಗ್ಗೆ ಟೈಮಿಂಗ್ ಅಡ್ವಾನ್ಸ್ ಹಂಚಿಕೆಯನ್ನು ಮತ್ತೊಮ್ಮೆ ತೆರೆಯಿರಿ. ಆ ಏಳು ಕಿಲೋಮೀಟರಿನ ಚುಕ್ಕೆಗಳು ವಾಪಸ್ ಬಂದಿವೆಯೇ ನೋಡಿ, ಬಂದಿಲ್ಲದಿದ್ದರೆ ಮನೆಗೆ ಹೋಗುವ ಮೊದಲು ಜೀಪನ್ನು ಆ ಕಡೆ ತಿರುಗಿಸಿ.